ಎಕ್ಸ್‌ರೇ ರಿಮೋಟ್‌ಗೆ ಬೀಗದ ಬಾಕ್ಸು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ದು ಹರಿಹರ ರೋಡ್ ಕಡೆ ಬೀರು, ರ‍್ಯಾಕು ಮಾಡೋ ಸಣ್ಣ ವರ್ಕ್‌ಶಾಪ್ ಸರ್. ಒಂದು ನರ್ಸಿಂಗ್ ಹೋಮ್‌ನೋರು ಮೊಬೈಲ್ ಎಕ್ಸ್‌ರೇ ಮಷೀನಿನ ರಿಮೋಟು, ಮತ್ತೆ ಆಪರೇಷನ್ ಥಿಯೇಟರ್‌ನ ಸಿ-ಆರ್ಮ್ (ಆಪರೇಷನ್ ನಡೀತಿರುವಾಗಲೇ ಎಕ್ಸ್‌ರೇ ಚಿತ್ರ ತೋರಿಸೋ ಮಷೀನು) ರಿಮೋಟ್ ಇಡೋಕೆ ಬೀಗ ಇರೋ ಬಾಕ್ಸ್ ಕೇಳ್ಯಾರೆ. ಒಳಗೆ ಸೀಸದ ಶೀಟ್ ಹಾಕ್ಬೇಕಾ, ಎಷ್ಟು ದಪ್ಪ ಹಾಕ್ಬೇಕು, ಗೊತ್ತಾಗ್ದೆ ರೇಟ್ ಹೇಳೋಕೂ ಆಗ್ತಿಲ್ಲ.
— ಓದುಗರು, ದಾವಣಗೆರೆ

ಉತ್ತರ: ಸೀಸ ಬೇಡವೇ ಬೇಡ, ಆ ದುಡ್ಡು ಒಳ್ಳೆ ಬೀಗಕ್ಕೆ ಹಾಕಿ. ರಿಮೋಟ್‌ನಲ್ಲಿ ವಿಕಿರಣ ಇರಲ್ಲ, ಅದು ಬರೀ ಸಿಗ್ನಲ್ ಕೊಡುತ್ತೆ. ಎಕ್ಸ್‌ರೇ ಹುಟ್ಟೋದು ಮಷೀನಿನ ಟ್ಯೂಬಲ್ಲಿ, ಅದೂ ಹೈ ವೋಲ್ಟೇಜ್ ಇರೋ ಅಷ್ಟು ಹೊತ್ತು ಮಾತ್ರ. ಬಲ್ಬ್ ಆರಿಸಿದ್ಮೇಲೆ ರೂಮಲ್ಲಿ ಬೆಳಕು ಉಳಿಯಲ್ವಲ್ಲ, ಹಂಗೆ.

ಹಾಗಾದ್ರೆ ಬೀಗ ಯಾಕೆ ಅಂದ್ರೆ, ನಾವು ತಡೀಬೇಕಾಗಿರೋದು ರಿಮೋಟ್ ಬಟನ್ ಮೇಲೆ ಬೀಳೋ ಬೇರೆಯೋರ ಬೆರಳನ್ನ. ಸಾಮಾನ್ಯವಾಗಿ ಬಟನ್‌ಗೆ ಎರಡು ಹಂತ ಇರುತ್ತೆ, ಅರ್ಧ ಒತ್ತಿದ್ರೆ ಟ್ಯೂಬ್ ರೆಡಿಯಾಗುತ್ತೆ, ಪೂರ್ತಿ ಒತ್ತಿದ್ರೆ ಎಕ್ಸ್‌ಪೋಷರ್, ಅಂದ್ರೆ ಎಕ್ಸ್‌ರೇ ಹೊರಡುತ್ತೆ, ಬೆರಳು ತೆಗೆದ್ರೆ ಅಲ್ಲಿಗೇ ನಿಲ್ಲುತ್ತೆ. ಇಷ್ಟೆಲ್ಲ ಮಾಡಿರೋದು ಒತ್ತೋ ಟೆಕ್ನೀಶಿಯನ್ ಪೇಷಂಟ್‌ನ ನೋಡ್ತಾ, ಸುತ್ತ ಯಾರಿದ್ದಾರೆ ಅಂತ ಗಮನಿಸ್ತಾ, ದೂರ ನಿಂತಿರ್ತಾರೆ ಅನ್ನೋ ನಂಬಿಕೆ ಮೇಲೆ, ಯಾಕಂದ್ರೆ ದೂರ ಎರಡು ಪಟ್ಟಾದ್ರೆ ಮೈಗೆ ತಗಲೋ ವಿಕಿರಣದ ಡೋಸ್ ಕಾಲು ಭಾಗಕ್ಕೆ ಇಳಿಯುತ್ತೆ. ಆದ್ರೆ ವಾರ್ಡಲ್ಲಿ ಮಷೀನ್ ಆನ್ ಇಟ್ಟು ರಿಮೋಟ್‌ನ ಮಂಚದ ಕಂಬಿಗೆ ನೇತಾಕಿ ಹೋಗೋದನ್ನ ನಾನು ನೋಡಿದೀನಿ, ಪಕ್ಕದಲ್ಲೇ ಪೇಷಂಟ್ ಕಡೆಯೋರ ಮಗು ಆಡ್ತಿರುತ್ತೆ. ಇದು ನಡೀಬಾರ್ದು.

ಈಗ ನಿಮ್ಮ ಕೆಲಸ. ಅಳತೆ ತಗೊಳ್ಳೋಕೆ ಖುದ್ದು ಹೋಗಿ, ಯಾಕಂದ್ರೆ ಸಿ-ಆರ್ಮ್‌ಗೆ ಹೆಚ್ಚಾಗಿ ಇರೋದು ಕಾಲಲ್ಲಿ ಒತ್ತೋ ಪೆಡಲ್ಲು, ಅವ್ರು ರಿಮೋಟ್ ಅಂದಿದ್ದು ಅದನ್ನೇ ಆಗಿದ್ರೆ ಬಾಕ್ಸ್ ಸೈಜೇ ಬೇರೆ. ಒಂದೊಂದು ರಿಮೋಟ್‌ಗೂ ಅದರದೇ ಆಕಾರದ ತಗ್ಗು ಇರೋ ಟ್ರೇ ಮಾಡಿ, ಬಾಗಿಲು ಮುಚ್ಚಿದಾಗ ಬಟನ್‌ಗೆ ಯಾವುದೂ ತಾಗಬಾರ್ದು, ಇದನ್ನ ಮಾತ್ರ ಹತ್ತು ಸಲ ಚೆಕ್ ಮಾಡಿ. ಎರಡು ಮಷೀನಿನ ರಿಮೋಟ್ ನೋಡೋಕೆ ಒಂದೇ ಥರ ಇದ್ರೆ ಅದಲುಬದಲಾಗೋ ಅಪಾಯ ಐತೆ, ಹಂಗಾಗಿ ಟ್ರೇಯ ತಗ್ಗಿನ ಮೇಲೂ ರಿಮೋಟ್ ಮೇಲೂ ಮಷೀನಿನ ಹೆಸರು ಇರ್ಲಿ. ಟ್ರೇಗೆ ಸ್ಪಂಜು ಬೇಡ, ರಕ್ತ ಹೀರ್ಕೊಳ್ಳುತ್ತೆ, ಕ್ಲೀನ್ ಮಾಡೋಕಾಗಲ್ಲ. ಸಿಲಿಕೋನ್ ಆದ್ರೆ ಈಚೆ ತೆಗೆದು ಒರೆಸಬಹುದು. ಹೊರಗಡೆ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೇದೇ, ಆದ್ರೆ ಆಸ್ಪತ್ರೆಲಿ ಒರೆಸೋ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಅದನ್ನೂ ತಿನ್ನುತ್ತೆ, ಆಮೇಲೆ ಒದ್ದೆ ಬಟ್ಟೆಲಿ ಇನ್ನೊಂದು ಸಲ ಒರೆಸಬೇಕು ಅಂತ ಅವ್ರಿಗೆ ಹೇಳ್ಬಿಡಿ. ಬಾಕ್ಸ್ ಒಳಗೇ ಚಾರ್ಜ್ ಆಗೋದಾದ್ರೆ ಗಾಳಿಗೆ ತೂತು ಬಿಡಿ, ನಮ್ಮೂರ ಏಪ್ರಿಲ್ ಸೆಕೆಲಿ ಮುಚ್ಚಿದ ಡಬ್ಬದಲ್ಲಿ ಬ್ಯಾಟರಿ ಬಿಸಿಯಾಗೋದು ಒಳ್ಳೇದಲ್ಲ. ಮುಂದೆ ಒಂದು ಅಕ್ರಿಲಿಕ್ ಕಿಟಕಿ ಇಡಿ, ರಿಮೋಟ್ ಒಳಗಿದೆಯೋ ಇಲ್ವೋ ಓಡಾಡೋರಿಗೆಲ್ಲ ಕಾಣ್ಲಿ.

ಇನ್ನೊಂದು ಮಾತು, ಸೀಸ ಹಾಕಿರೋ ಬಾಗಿಲಿಗೆ ಅಥವಾ ಪಾರ್ಟಿಷನ್‌ಗೆ ಡ್ರಿಲ್ ಹಾಕಿ ಬಾಕ್ಸ್ ಕೂರಿಸಬೇಡಿ, ತೂತಾದ ಕಡೆ ರಕ್ಷಣೆ ಹೋಗುತ್ತೆ. ಮಷೀನಿನ ಮೈಗಂತೂ ಕಂಪನಿ ಎಂಜಿನಿಯರ್ ಒಪ್ಪದೆ ಕೈ ಹಚ್ಚಬೇಡಿ. ಆಸ್ಪತ್ರೆಯ ಆರ್‌ಎಸ್‌ಒ, ಅಂದ್ರೆ ವಿಕಿರಣ ಸುರಕ್ಷತೆ ನೋಡ್ಕೊಳ್ಳೋ ಅಧಿಕಾರಿ, ಅವರಿಗೆ ಡ್ರಾಯಿಂಗ್ ತೋರಿಸಿಯೇ ಶೀಟ್ ಕಟ್ ಮಾಡಿ. ಮಷೀನ್ ಆನ್ ಮಾಡೋ ಕೀಗೆ ಈ ಬಾಕ್ಸಲ್ಲಿ ಜಾಗ ಕೇಳಿದ್ರೆ ಇಲ್ಲ ಅನ್ನಿ. ಎರಡೂ ಒಂದೇ ಕಡೆ ಸಿಕ್ಕಿದ್ರೆ ಬೀಗ ಹಾಕಿ ಏನು ಬಂತು?

ಪ್ರಶ್ನೆ: ಯಾರಾದ್ರೂ ರಿಮೋಟ್ ಕದ್ದು ಗುಜರಿಗೆ ಹಾಕಿದ್ರೆ ದೆಹಲಿಲಿ ಆದ ಹಾಗೆ ಆಗುತ್ತಾ?
— ಓದುಗರು, ಚಳ್ಳಕೆರೆ

ಉತ್ತರ: ಆಗಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಗೆ ಬಂದಿದ್ದು ಕೋಬಾಲ್ಟ್-60 ತುಂಬಿದ್ದ ಹಳೇ ಗಾಮಾ ಯಂತ್ರ, ವಿಶ್ವವಿದ್ಯಾಲಯದ ಲ್ಯಾಬಿಂದ ಹರಾಜಾಗಿದ್ದು, ಒಬ್ರು ತೀರ್ಕೊಂಡ್ರು. 1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾದಲ್ಲಿ ಬಿಟ್ಟುಹೋದ ಕ್ಲಿನಿಕ್‌ನಿಂದ ಸೀಸಿಯಂ-137 ಹೊರಗೆ ಹೋಗಿ ನಾಲ್ಕು ಜನ ಸತ್ರು. ಅವೆರಡೂ ಕರೆಂಟ್ ಇಲ್ದೆ ತಾವಾಗೇ ವಿಕಿರಣ ಬಿಡೋ ವಸ್ತು. ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಅಂಥ ವಸ್ತು ಇರೋ ಯಂತ್ರಗಳಿಗೆ ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಬೇರೆಯದೇ ಭದ್ರತೆ ಕೇಳುತ್ತೆ, ಅಲ್ಲಿ ರಿಮೋಟ್ ಬಾಕ್ಸ್ ಒಂದು ಸಣ್ಣ ಭಾಗ ಅಷ್ಟೆ. ಹಾಗಂತ ಎಕ್ಸ್‌ರೇ ರಿಮೋಟ್ ಕಳೆದ್ರೆ ಸುಮ್ನಿರಬೇಡಿ, ಆರ್‌ಎಸ್‌ಒಗೆ ತಿಳಿಸಿ, ಕಂಪನಿಯೋರ ಹತ್ರ ಕಳೆದ ರಿಮೋಟ್‌ನಿಂದ ಮಷೀನ್ ಕೆಲಸ ಮಾಡದ ಹಾಗೆ ಅದರ ಜೋಡಣೆ ತೆಗೆಸಿ.

ಪ್ರಶ್ನೆ: ರಾತ್ರಿ ಆಕ್ಸಿಡೆಂಟ್ ಕೇಸ್ ಬಂದಾಗ ಬಾಕ್ಸ್ ಕೀ ಸಿಗದಿದ್ರೆ? ಹೈವೇ ಪಕ್ಕದ ಆಸ್ಪತ್ರೆ ನಮ್ದು, ಭಯ ಆಗುತ್ತೆ.
— ನರ್ಸ್, ಹಿರಿಯೂರು

ಉತ್ತರ: ನಿಮ್ಮ ಭಯ ನ್ಯಾಯವಾದದ್ದೇ, ತೆಗೆಯೋಕೆ ಕಷ್ಟ ಆದ್ರೆ ಜನ ಬೀಗಾನೇ ಹಾಕೋದು ಬಿಟ್ಬಿಡ್ತಾರೆ. ಒಂದು ಕೀ ಡ್ಯೂಟಿ ಟೆಕ್ನೀಶಿಯನ್ ಹತ್ರ ಇರ್ಲಿ, ಶಿಫ್ಟ್ ಬದಲಾದಾಗ ರಿಜಿಸ್ಟರಲ್ಲಿ ಸೈನ್ ಮಾಡಿ ಮುಂದಿನೋರಿಗೆ ಕೊಡ್ಲಿ. ಇನ್ನೊಂದು ಸೀಲ್ ಮಾಡಿದ ಕವರಲ್ಲಿ ಕ್ಯಾಶುವಾಲ್ಟಿ ಇನ್‌ಚಾರ್ಜ್ ಹತ್ರ, ಸೀಲ್ ಒಡೆದ್ರೆ ಯಾಕೆ ಅಂತ ಬರೀಬೇಕು. ನಂಬರ್ ಲಾಕ್ ಆದ್ರೆ ಕರೆಂಟ್ ಬೇಡದ ಮೆಕ್ಯಾನಿಕಲ್ ತಗೊಳ್ಳಿ, ಯಾರಾದ್ರೂ ಕೆಲಸ ಬಿಟ್ಟ ದಿನವೇ ನಂಬರ್ ಬದಲಾಯಿಸಿ. ಮಷೀನ್ ನಿಲ್ಲಿಸೋ ಕೆಂಪು ಎಮರ್ಜೆನ್ಸಿ ಬಟನ್ ಯಾವತ್ತೂ ಬೀಗದೊಳಗೆ ಹೋಗಬಾರ್ದು. ಇನ್ನೊಂದು, ವೈರ್‌ಲೆಸ್ ರಿಮೋಟ್ ಜೊತೆಗೆ ವೈರಿನ ಸ್ವಿಚ್ಚೂ ಇದ್ರೆ ಅದಕ್ಕೂ ಬೀಗದ ವ್ಯವಸ್ಥೆ ಇದೆಯಾ ಅಂತ ಇವತ್ತೇ ನೋಡಿ, ಎಷ್ಟೋ ಕಡೆ ರಿಮೋಟ್ ಭದ್ರವಾಗಿ ಬಾಕ್ಸಲ್ಲಿರುತ್ತೆ, ಅದೇ ಕೆಲಸ ಮಾಡೋ ವೈರಿನ ಸ್ವಿಚ್ ಮಾತ್ರ ಮಷೀನ್ ಪಕ್ಕ ಕೊಕ್ಕೆಗೆ ಹಾಗೇ ನೇತಾಡ್ತಿರುತ್ತೆ.