ಬಿಣಗಾ ಇಳಿಜಾರಿನಲ್ಲಿ ಸೈಕಲ್ಲಿಗೆ ಡಿಸ್ಕ್ ಬ್ರೇಕ್ ಬೇಕಾ, ವಿ-ಬ್ರೇಕ್ ಸಾಕಾ?

ಮಳೆಯಲ್ಲಿ ಕಾರವಾರದ ಹತ್ತಿರದ ಬಿಣಗಾ ಇಳಿಯುವಾಗ ನಿಮ್ಮ ಸೈಕಲ್ಲಿನ ವಿ-ಬ್ರೇಕ್ (ರಿಮ್ಮನ್ನು ಎರಡೂ ಬದಿಯಿಂದ ರಬ್ಬರ್ ಶೂ ಒತ್ತುವ ಬ್ರೇಕ್) ಹಿಡಿಯದೇ ಇರುವುದಕ್ಕೆ ಕಾರಣ ಬಹುಶಃ ಸ್ಟೀಲ್ ರಿಮ್. ಅದರ ಕ್ರೋಮ್ ಲೇಪ ಒದ್ದೆಯಾದರೆ ಎಷ್ಟು ಒತ್ತಿದರೂ ರಬ್ಬರ್ ಜಾರುತ್ತದೆ. ಸುಮ್ನೆ ಡಿಸ್ಕಿಗೆ ದುಡ್ಡು ಹಾಕಬೇಡಿ.

ಮೊದಲು ಅದೇ ಅಳತೆಯ ಅಲಾಯ್ ರಿಮ್ ಹಾಕಿಸಿ, ಮುಂದಿನ ಚಕ್ರಕ್ಕಂತೂ ಬೇಕೇ ಬೇಕು. ಕಡ್ಡಿಯ ತೂತುಗಳ ಸಂಖ್ಯೆ ಒಂದೇ ಇದ್ದರೆ ಹಳೇ ಹಬ್ (ಚಕ್ರದ ನಡುವಿನ ಭಾಗ) ನಡೆಯುತ್ತದೆ. ಕಡ್ಡಿಯ ಉದ್ದ ಬದಲಾಗಬಹುದು, ಅಳೆಸಿ ನೋಡಿ. ಆಮೇಲೆ ಹೊಸ ಬ್ರೇಕ್ ಶೂ. ಅದು ಟೈರಿಗೆ ತಾಗದೆ ರಿಮ್ಮಿಗೆ ಪೂರ್ತಿ ಕೂರಬೇಕು.

ಕೇಬಲ್ ಮಾತ್ರ ಸ್ಟೇನ್‌ಲೆಸ್ಸೇ ತಗೊಳ್ಳಿ. ಕಡಲ ಗಾಳಿಗೆ ಸಾದಾ ಕೇಬಲ್ ಔಟರ್ (ಹೊರಗಿನ ಕೊಳವೆ) ಒಳಗೇ ತುಕ್ಕು ಹಿಡಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಆದರೆ ಲಿವರ್ ಬಿಟ್ಟರೂ ಶೂ ರಿಮ್ಮಿಗೇ ಅಂಟಿಕೊಂಡಿರುತ್ತದೆ.

ಡಿಸ್ಕೇ ಬೇಕೆಂದರೆ ಫೋರ್ಕಿನಲ್ಲಿ (ಮುಂದಿನ ಚಕ್ರ ಹಿಡಿಯುವ ಕವಲು) ಡಿಸ್ಕ್ ಬ್ರೇಕ್ ಕೂರಿಸುವ ಮೌಂಟ್ ಇದೆಯಾ ನೋಡಿ. ಇಲ್ಲದಿದ್ದರೆ ದಯವಿಟ್ಟು ವೆಲ್ಡಿಂಗ್ ಮಾಡಿಸಬೇಡಿ, ಮೌಂಟ್ ಇರುವ ಫೋರ್ಕನ್ನೇ ಕೊಳ್ಳಿ.