ನೀರಿನ ಹೊತ್ತು ಕೇಳಿ ದೋಣಿ ಇಳಿಸಿ

ಹೋದ ಸಂಚಿಕೆಯಲ್ಲಿ ಗೋವಾದ ಚೋರಾವ್ ದ್ವೀಪದ ಪಕ್ಕ ಕಯಾಕ್ ಅನ್ನುವ, ಹುಟ್ಟು ಹಾಕುವ ಪುಟ್ಟ ದೋಣಿ ನಡೆಸಿದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಗೋವಾ, ಪುಣೆ, ಮುಂಬೈನಿಂದ ಸುಮಾರು ಪತ್ರಗಳು ಬಂದಿವೆ. ಎಲ್ಲಕ್ಕೂ ಇಲ್ಲಿ ಜಾಗ ಇಲ್ಲ. ಬಹಳ ಜನರಿಗೆ ಉಪಯೋಗ ಆಗುವಂಥವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮೂರು ನರಗುಂದ ಕಡೆ, ವಾಸ್ಕೋಗೆ ಬಂದು ಹತ್ತು ವರ್ಷ ಆಯಿತು. ಮಕ್ಕಳು ಹಟ ಮಾಡಿದರು ಅಂತ ಸಾಳ್ ನದಿಗೆ ಕಯಾಕ್ ಹತ್ತಿಸಲು ಕರೆದುಕೊಂಡು ಹೋಗಿದ್ದೆ. ಹೋಗುವಾಗ ಸಲೀಸು. ಬರುವಾಗ ದೋಣಿ ಮುಂದೆ ಸರಿಯಲೇ ಇಲ್ಲ, ತೋಳು ಬಿದ್ದುಹೋಯಿತು. ನಾವು ಹೋದದ್ದು ಮೇಲಕ್ಕೆ. ಹಾಗಾದರೆ ಹೋಗುವಾಗಲೇ ಕಷ್ಟ ಆಗಬೇಕಿತ್ತು ಅಲ್ವಾ? ನನಗೆ ಈಜು ಬೇರೆ ಬರುವುದಿಲ್ಲ. — ವಾಸ್ಕೋದ ಓದುಗರು

ಉತ್ತರ: ನಿಮ್ಮ ಲೆಕ್ಕ ಸರಿಯಾಗಿಯೇ ಇದೆ, ಆದರೆ ಅದು ಮಲಪ್ರಭೆಯ ಲೆಕ್ಕ. ಆ ಹೊಳೆಗೆ ಒಂದೇ ದಿಕ್ಕು. ಸಾಳ್, ಜುವಾರಿ, ಮಾಂಡವಿ, ಶಾಪೋರಾ ಇವೆಲ್ಲ ಸಮುದ್ರದ ಹತ್ತಿರ ಎರಡೂ ಕಡೆ ಹರಿಯುತ್ತವೆ. ಕಡಲಲ್ಲಿ ಭರತ ಬಂದಾಗ ಉಪ್ಪುನೀರು ಒಳಗೆ ನುಗ್ಗಿ ಹೊಳೆಯನ್ನೇ ಹಿಂದಕ್ಕೆ ದೂಡುತ್ತದೆ. ಆರು ಗಂಟೆ ಚಿಲ್ಲರೆ ಒಳಗೆ, ಮತ್ತೆ ಆರು ಗಂಟೆ ಚಿಲ್ಲರೆ ಹೊರಗೆ. ಮಾಂಡವಿಯಲ್ಲಿ ಈ ಏರಿಳಿತ ಸುಮಾರು 50 ಕಿ.ಮೀ. ಒಳಗಿನ ತನಕ ಗೊತ್ತಾಗುತ್ತದೆ. ನೀವು ಹೋದದ್ದು ಏರುವ ನೀರಿನ ಜೊತೆ, ತಿರುಗಿದ್ದು ಅದೇ ನೀರಿಗೆ ಎದುರಾಗಿ. ಇನ್ನೊಂದು ಗಂಟೆ ದಡದಲ್ಲಿ ಕೂತು ಮಕ್ಕಳಿಗೆ ಚುರುಮುರಿ ತಿನ್ನಿಸಿದ್ದರೆ ಬಹುಶಃ ಹೊಳೆಯೇ ನಿಮ್ಮನ್ನು ವಾಪಸ್ ಕರೆದುಕೊಂಡು ಬರುತ್ತಿತ್ತು.

ಅದಕ್ಕೇ ಹೇಳುವುದು, ದೋಣಿ ಯಾವುದು, ಬಾಡಿಗೆ ಎಷ್ಟು ಅಂತ ಕೇಳುವ ಮುಂಚೆ ನೀರಿನ ಹೊತ್ತು ಕೇಳಿ. ಇವತ್ತು ಭರತ ಎಷ್ಟು ಗಂಟೆಗೆ, ಇಳಿತ ಎಷ್ಟು ಗಂಟೆಗೆ? ಕೊಂಕಣಿಯಲ್ಲಿ ಭರತಿ, ಸುಕತಿ ಅನ್ನುತ್ತಾರೆ, ಜೆಟ್ಟಿಯಲ್ಲಿ ಬಲೆ ಹೊಲಿಯುವವರು ಯಾರಾದರೂ ಹೇಳುತ್ತಾರೆ. ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಬಂದರು ಬಂದರಿನ ಪಟ್ಟಿ ಪ್ರಕಟಿಸುತ್ತದೆ, ಅದರಲ್ಲಿ ಮುರಗಾಂವ್ ಬಂದರಿನದು ನೋಡಿಕೊಳ್ಳಿ. ಒಳಗೆ ಹೋದಷ್ಟೂ ಭರತ ತಡವಾಗಿ ಬರುತ್ತದೆ ಅನ್ನುವುದು ನೆನಪಿರಲಿ.

ಮನೆಯ ಗೋಡೆಯ ಕ್ಯಾಲೆಂಡರಿನಿಂದಲೂ ಅಂದಾಜು ಸಿಗುತ್ತದೆ. ಮುಂಬೈ ಕಡೆಯ ಮೀನುಗಾರರು ತಿಥಿಯ ಮುಕ್ಕಾಲು ಪಾಲು ತೆಗೆದು ಭರತದ ಹೊತ್ತು ಹೇಳುತ್ತಾರೆ. ಚೌತಿ ಅಂದರೆ ನಾಲ್ಕು, ಅದರ ಮುಕ್ಕಾಲು ಮೂರು, ಸರಿಸುಮಾರು ಮೂರು ಗಂಟೆಗೆ ನೀರು ತುಂಬುತ್ತದೆ. ಅಷ್ಟಮಿಗೆ ಆರು ಗಂಟೆ. ಹಗಲಿಗೊಂದು, ರಾತ್ರಿಗೊಂದು. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಈ ಲೆಕ್ಕ ಕೂಡಿಬರುತ್ತದೆ. ಗೋವಾದಲ್ಲಿ ಭರತ ಮುಂಬೈಗಿಂತ ಮುಂಚೆಯೇ ಬರುತ್ತದೆ, ಹಾಗಾಗಿ ಯಾವ ಭಾನುವಾರ ಹೋಗೋಣ ಅಂತ ಯೋಚಿಸಲು ಮಾತ್ರ ಇದನ್ನು ಇಟ್ಟುಕೊಳ್ಳಿ, ಹೊರಡುವ ದಿನ ಪಟ್ಟಿಯನ್ನೇ ನೋಡಿ.

ಇನ್ನೊಂದು ಮಾತು. ನೀರು ಆರೂ ಗಂಟೆ ಒಂದೇ ಸಮ ಏರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಗೋವಾದಲ್ಲಿ ಸುಮಾರು 2 ಮೀಟರ್ ಏರಿಳಿತ ಇರುತ್ತದೆ. ಅದನ್ನು 12 ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೇ ಗಂಟೆಗೆ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಅಂದರೆ ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಓಡಿಬಿಡುತ್ತದೆ. ಆಗ ಮಕ್ಕಳನ್ನು ಕೂರಿಸಿಕೊಂಡು ಎದುರು ಹುಟ್ಟು ಹಾಕುವುದು ದೊಡ್ಡವರಿಗೂ ಆಗದ ಕೆಲಸ. ಭರತ ಮುಗಿಯಲು ಒಂದೂವರೆ ಗಂಟೆ ಇರುವಾಗ ಮೇಲಕ್ಕೆ ಹೊರಡಿ, ನೀರು ನಿಂತಾಗ ತಿರುಗಿ, ಇಳಿತದ ಮೊದಲ ಗಂಟೆಯಲ್ಲಿ ಜೆಟ್ಟಿ ಸೇರಿ. ಅದೂ ಬೆಳಿಗ್ಗೆ ಆಗಿದ್ದರೆ ಒಳ್ಳೆಯದು. ಮಧ್ಯಾಹ್ನ ಕಡಲ ಗಾಳಿ ಎದ್ದರೆ ಇಳಿಯುವ ನೀರಿಗೆ ಎದುರಾಗಿ ಚಿಕ್ಕ ಚಿಕ್ಕ ಕಡಿದಾದ ಅಲೆ ಏಳುತ್ತದೆ, ಹೊಸಬರನ್ನು ಮಗುಚುವುದು ಅದೇ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲವು ವರ್ಷಗಳ ಹಿಂದೆ ಒಂದು ಹಿನ್ನೀರಿನಲ್ಲಿ ಒಬ್ಬರು ಬಾಡಿಗೆ ತೆಗೆದುಕೊಂಡು ನನ್ನನ್ನೂ ಒಂಬತ್ತು ವರ್ಷದ ಮಗಳನ್ನೂ ಕಳಿಸಿದರು. ನೀರು ಇಳಿಯುತ್ತಿದೆ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕುಮಟಾ ತಾಲೂಕಿನ ಹೊಳೆ ದಂಡೆಯಲ್ಲಿ ಬೆಳೆದವಳು, ಪಟ್ಟಣಕ್ಕೆ ಬಂದ ಮೇಲೆ ಆ ಅಭ್ಯಾಸ ತಪ್ಪಿಹೋಗಿತ್ತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ಸೀಳಿನಲ್ಲಿ ಮಿಂಚುಳ್ಳಿ ನೋಡುತ್ತಾ ಕೂತೆವು. ನೀರಿನ ಮೇಲೆ ಒಂದು ಹಳದಿ ಎಲೆ ಇತ್ತು, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ನಮ್ಮನ್ನು ದಾಟಿ ಹೋಯಿತು. ಮಗಳೇ ಅದನ್ನು ತೋರಿಸಿದ್ದು. ತಿರುಗುವಷ್ಟರಲ್ಲಿ ದೋಣಿಯ ಅಡಿ ಕೆಸರಿಗೆ ಸವರಿತು. ಇಳಿದು ಎಳೆಯೋಣ ಅಂತ ಕಾಲಿಟ್ಟೆ, ಮೊಣಕಾಲ ತನಕ ಹೂತಿತು. ಬೇರಿಗೆ ಅಂಟಿದ ಕಲ್ವದ ಚಿಪ್ಪು ಪಾದ ಸೀಳಿತು. ಕೆಂಪು ಏಡಿಗಳು ಬಿಲದಿಂದ ಹೊರಬಂದು ಓಡಾಡತೊಡಗಿದವು, ನಾವು ಮಾತ್ರ ಅಲ್ಲೇ. ಕೊನೆಗೆ ತಿಸ್ರ್ಯೊ ಆಯಲು ಬಂದ ಒಬ್ಬ ಅಜ್ಜಿ, ನಮ್ಮ ಕಡೆ ಬಳಚು ಅಂತೀವಲ್ಲ, ಅದೇ ಚಿಪ್ಪು, ದೂರದಿಂದಲೇ ಕೂಗಿ ಹೇಳಿದರು: ಇಳಿಯಬೇಡಿ, ದೋಣಿಯಲ್ಲೇ ಕೂತಿರಿ, ಭರತ ಬರುತ್ತದೆ. ನಾಲ್ಕು ಗಂಟೆ ಕೂತೆವು. ಕುಡಿಯಲು ಅರ್ಧ ಬಾಟಲಿ ನೀರಿತ್ತು. ಅದನ್ನು ಮಗಳಿಗೆ ಗುಟುಕು ಗುಟುಕಾಗಿ ಕೊಟ್ಟದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಈಗ ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಟೋಪಿ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಇಲ್ಲದೆ ಹೊರಡುವುದಿಲ್ಲ.

ಈಜು ಬಾರದಿದ್ದರೂ ಲೈಫ್ ಜಾಕೆಟ್ ಹಾಕಿಕೊಂಡು, ನಿಂತ ನೀರಿನಲ್ಲಿ, ಬಲ್ಲವರ ಜೊತೆ ಹೋಗಬಹುದು. ಜಾಕೆಟ್ಟಿನ ಪಟ್ಟಿ ಬಿಗಿದ ಮೇಲೆ ಇನ್ನೊಬ್ಬರು ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಲಿ. ಅದು ಕಿವಿಯ ತನಕ ಏರಿದರೆ ನಿಮ್ಮ ಅಳತೆಯದಲ್ಲ, ಬೇರೆ ಕೇಳಿ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ಆಮೇಲೆ ಎದೆಮಟ್ಟದ ನೀರಿನಲ್ಲಿ ಒಮ್ಮೆ ಬೇಕೆಂದೇ ಬೀಳಿ. ದೋಣಿ ನೆಟ್ಟಗೆ ಮಾಡಿ, ಎರಡೂ ಕೈ ಅದರ ಮೇಲಿಟ್ಟು, ಕಾಲು ಬಡಿದು, ಹೊಟ್ಟೆಯ ಮೇಲೆ ಅಡ್ಡ ಮಲಗಿ, ಹೊರಳಿ ಕೂರಿ. ದಡದಲ್ಲಿ ಇದು ಬಂದರೆ ನಡುಹೊಳೆಯಲ್ಲಿ ಗಾಬರಿ ಆಗುವುದಿಲ್ಲ.

ಪ್ರಶ್ನೆ: ಕುಂಭಾರಜುವೆ ಕಾಲುವೆಯಲ್ಲಿ ಮೊಸಳೆ ಇದೆಯಂತೆ, ನಿಜವೇ? ಸ್ನೇಹಿತರು ಅಲ್ಲೇ ಕಯಾಕ್ ಮಾಡೋಣ ಅನ್ನುತ್ತಿದ್ದಾರೆ. — ಪಣಜಿ

ಉತ್ತರ: ನಿಜ. ಮಾಂಡವಿಗೂ ಜುವಾರಿಗೂ ಕೊಂಡಿಯಾಗಿರುವ ಆ ಕಾಲುವೆಯ ಉಪ್ಪುನೀರಿನಲ್ಲೇ ಮೊಸಳೆಗಳು ಬದುಕುತ್ತಿವೆ. ನಮ್ಮ ದಾಂಡೇಲಿಯ ಕಾಳಿಯಲ್ಲಿ ಇರುವ ಜಾತಿಯೇ. ಇಳಿತದ ಹೊತ್ತಿಗೆ ಕೆಸರು ದಂಡೆಯ ಮೇಲೆ ಬಿಸಿಲು ಕಾಯುತ್ತಾ ಮಲಗಿರುತ್ತವೆ. ಜುವಾರಿ ದಂಡೆಯ ದುರ್ಭಾಟದಲ್ಲಿ ರೈತರು ಪುಷ್ಯ ಅಮಾವಾಸ್ಯೆಗೆ ಮಣ್ಣಿನ ಮೊಸಳೆ ಮಾಡಿ ಪೂಜಿಸುತ್ತಾರೆ. ಖಾಜನ್ ಗದ್ದೆಯ, ಅಂದರೆ ಹೊಳೆಯ ಉಪ್ಪುನೀರು ತಡೆಯಲು ಬದು ಕಟ್ಟಿದ ಗದ್ದೆಯ, ಬದು ನೋಡಿಕೊಳ್ಳುವವರು ನೀರಿನಲ್ಲಿ ಯಾರಿದ್ದಾರೆ ಅಂತ ಗೊತ್ತಿದ್ದೇ ಪೂಜೆ ಮಾಡುವುದು. ಅಂದ ಹಾಗೆ ಖಾಜನ್ ಅಂದರೆ ನಮ್ಮ ಅಘನಾಶಿನಿಯ ಗಜನಿ ಭೂಮಿಯ ಅಣ್ಣತಮ್ಮನೇ. ಅದೇ ಬದು, ಅದೇ ತೂಬು, ಅಲ್ಲಿ ಕಗ್ಗ ಭತ್ತ, ಇಲ್ಲಿ ಕೊರ್ಗುಟ್.

ಕಾಲುವೆ ನೋಡಬೇಕಾದರೆ ಪ್ರವಾಸಿಗರನ್ನು ಕರೆದುಕೊಂಡು ಹೋಗುವ ದೊಡ್ಡ ದೋಣಿ ಇದೆ, ಅದರಲ್ಲಿ ಹೋಗಿ. ನೀರಿಗೆ ಒಂದು ಗೇಣು ಮೇಲೆ ಕೂರುವ ಕಯಾಕಿನಲ್ಲಿ ಅಲ್ಲಿಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಪಣಜಿಯ ಎದುರಿನ ಮಾಂಡವಿಯೂ ಕಲಿಯುವವರಿಗಲ್ಲ. ಫೆರ್ರಿ, ಕ್ಯಾಸಿನೊ ದೋಣಿ, ಅದಿರು ಹೊರುವ ಬಾರ್ಜ್ ಎಲ್ಲ ಓಡಾಡುವ ದಾರಿ ಅದು, ಬಾರ್ಜ್ ನಡೆಸುವವನಿಗೆ ನೀವು ಕಾಣುವುದೇ ಇಲ್ಲ.

ಪ್ರಶ್ನೆ: ಮೇಡಂ, ಪುಣೆಯಲ್ಲಿ ಸಂಗಮದ ಹತ್ತಿರ ಹುಡುಗರು ಉದ್ದನೆಯ ದೋಣಿ ನಡೆಸುವುದು ನೋಡಿ ಎಂಟನೇ ತರಗತಿಯ ಮಗಳು ತಾನೂ ಕಲಿಯುತ್ತೇನೆ ಅನ್ನುತ್ತಾಳೆ. ಅದು ಕನೂಯಿಂಗೇ? ಆ ನೀರಿನ ವಾಸನೆ ನೋಡಿದರೆ ಭಯ. — ಔಂಧ್, ಪುಣೆ

ಉತ್ತರ: ಮುಖ ಹಿಂದಕ್ಕೆ ಮಾಡಿ ಕೂತು, ದೋಣಿಗೇ ಸಿಕ್ಕಿಸಿದ ಹುಟ್ಟನ್ನು ಎಳೆಯುತ್ತಿದ್ದರೆ ಅದು ರೋಯಿಂಗ್. ಮುಂದೆ ನೋಡುತ್ತಾ, ಕೈಯಲ್ಲೇ ಹಿಡಿದ ಹುಟ್ಟಿನಿಂದ ನಡೆಸಿದರೆ ಕನೂ ಅಥವಾ ಕಯಾಕ್. ಕನೂಗೆ ಒಂದೇ ಅಲಗಿನ ಹುಟ್ಟು, ಸ್ಪರ್ಧೆಯಲ್ಲಿ ಒಂದು ಮೊಣಕಾಲೂರಿ ನಡೆಸುತ್ತಾರೆ. ಕಯಾಕಿಗೆ ಎರಡೂ ತುದಿಗೆ ಅಲಗು, ಕಾಲು ಚಾಚಿ ಕೂರುವುದು. ಮಗಳಿಗೆ ಇದನ್ನೂ ಹೇಳಿ: 2023ರಲ್ಲಿ ನಡೆದ ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಸಲಾಂ 1000 ಮೀಟರ್ ಜೋಡಿ ಕನೂನಲ್ಲಿ ಕಂಚು ಗೆದ್ದರು. 1994ರ ಹಿರೋಷಿಮಾ ಕೂಟದ ನಂತರ ಈ ಆಟದಲ್ಲಿ ನಮಗೆ ಬಂದ ಪದಕ ಅದು.

ವಾಸನೆಯ ಬಗ್ಗೆ ನಿಮ್ಮ ಭಯ ಸರಿ. ಮುಳಾ-ಮುಠಾಕ್ಕೆ ಊರಿನ ಕೊಳಚೆ ಸೇರುತ್ತಿದೆ. ಕಲಿಯುವ ಮಗು ಹತ್ತು ಸಲ ನೀರಿಗೆ ಬೀಳುತ್ತದೆ, ಬಾಯಿಗೆ ನೀರು ಹೋಗುತ್ತದೆ. ಇಂಥ ಒಳ್ಳೆಯ ಹೊಳೆಯನ್ನು ಮಗುವಿಗೆ ಮುಟ್ಟಬೇಡ ಅನ್ನಬೇಕಾಗಿ ಬಂದದ್ದು ನನಗೆ ನಿಜವಾಗಿ ಸಂಕಟದ ಮಾತು. ಮೊದಲು ಈಜುಕೊಳದಲ್ಲಿ ಈಜು ಗಟ್ಟಿ ಆಗಲಿ. ಆಮೇಲೆ ಪವನಾದಂಥ ಹಿನ್ನೀರಿನ ಕಡೆ, ತರಬೇತಿ ಕೊಡುವವರ ಹತ್ತಿರ ಕಳಿಸಿ. ಅಲ್ಲೂ ಜಾಕೆಟ್ ಬಿಚ್ಚಿ ಈಜಲು ಇಳಿಯುವುದು ಬೇಡ. ಮೇಲೆ ಕನ್ನಡಿಯಂತೆ ಇದ್ದರೂ ಅಣೆಕಟ್ಟಿನ ಹಿನ್ನೀರು ದಡದಿಂದ ನಾಲ್ಕು ಹೆಜ್ಜೆಗೇ ಆಳ ಆಗಿಬಿಡಬಹುದು, ಕೆಳಗೆ ಹೂಳು ಇರುತ್ತದೆ.

ಪ್ರಶ್ನೆ: ಕೋಲಾಡಿನಲ್ಲಿ ರಾಫ್ಟಿಂಗಿಗೆ ಬೆಳಿಗ್ಗೆಯೇ ಬನ್ನಿ, ತಡವಾದರೆ ಇಲ್ಲ ಅನ್ನುತ್ತಾರೆ. ಡೊಂಬಿವಲಿಯಿಂದ ಎಷ್ಟು ಗಂಟೆಗೆ ಏಳಬೇಕು ಹೇಳಿ! ಹೊಳೆ ಅಲ್ಲೇ ಇರುತ್ತದಲ್ಲ? — ಡೊಂಬಿವಲಿ

ಉತ್ತರ: ಹೊಳೆ ಇರುತ್ತದೆ, ನೀರು ಇರುವುದಿಲ್ಲ. ಕುಂಡಲಿಕಾದಲ್ಲಿ ದೋಣಿ ಕುಣಿಸುವ ನೀರು ಬರುವುದು ಭಿರಾ ವಿದ್ಯುತ್ ಕೇಂದ್ರದಿಂದ. ಘಟ್ಟದ ಮೇಲಿನ ಮುಳಶಿ ಅಣೆಕಟ್ಟಿನ ನೀರನ್ನು ಕೆಳಗೆ ಬೀಳಿಸಿ ಕರೆಂಟ್ ತೆಗೆದು ಹೊಳೆಗೆ ಬಿಡುತ್ತಾರೆ, ಆ ನೀರು ಇಳಿದುಹೋಗುವ ಮುಂಚೆ ನೀವು ಅದರ ಮೇಲೆ ಇರಬೇಕು. ಇದು ಮುಳಾ ನದಿಯ ನೀರು. ಸುಮ್ನೆ ಬಿಟ್ಟಿದ್ದರೆ ಪುಣೆ ದಾಟಿ, ಭೀಮೆ ಸೇರಿ, ಕಲಬುರಗಿ ಕಡೆಯಿಂದ ಹಾದು ಕೃಷ್ಣೆಗೆ ಹೋಗಬೇಕಾಗಿದ್ದದ್ದು, ಈಗ ಪಡುವಣ ಕಡಲಿಗೆ ಹೋಗುತ್ತಿದೆ. ಈ ಅಣೆಕಟ್ಟಿಗೆ ಭೂಮಿ ಕಳೆದುಕೊಂಡ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದ್ದರು, ಸೇನಾಪತಿ ಬಾಪಟ್ ಮುಂದೆ ನಿಂತಿದ್ದರು. ಆ ನೀರಿನ ಮೇಲೆ ಕೂತಾಗ ಅವರನ್ನೂ ಒಮ್ಮೆ ನೆನೆಯಿರಿ. ಹಿಂದಿನ ದಿನವೇ ಹೋಗಿ ಉಳಿದುಕೊಂಡರೆ ನಿದ್ದೆ ಕೆಡುವುದಿಲ್ಲ. ಗಣೇಶಗುಡಿಯ ಕಾಳಿಯಲ್ಲೂ ಇದೇ ಕಥೆ, ಅಲ್ಲಿ ಸೂಪಾ ಅಣೆಕಟ್ಟಿನ ನೀರು.

ಪ್ರಶ್ನೆ: ಮಳೆಗಾಲದಲ್ಲಿ ಮಹದಾಯಿಯಲ್ಲಿ ಕಯಾಕ್ ಮಾಡಬಹುದೇ? — ಮಾಪುಸಾ

ಉತ್ತರ: ಬಾಡಿಗೆ ಕಯಾಕ್ ಬೇಡವೇ ಬೇಡ. ಖಾನಾಪುರದ ಕಾಡಿನಲ್ಲಿ ಸುರಿದ ಮಳೆ ಗೋವಾದ ಸತ್ತರಿ ತಾಲೂಕಿಗೆ ಬರುವಾಗ ಮರದ ಕೊಂಬೆಗಳನ್ನೂ ತರುತ್ತದೆ. ವಾಳಪೈ ಕಡೆ ಮಳೆಗಾಲದಲ್ಲಿ ರಾಫ್ಟಿಂಗ್ ನಡೆಯುತ್ತದೆ. ಹೆಲ್ಮೆಟ್, ಮಾರ್ಗದರ್ಶಿ, ಕಾಪಾಡುವವರು ಎಲ್ಲ ಇದ್ದರೆ ಅದಕ್ಕೆ ಹೋಗಿ.

ಪ್ರಶ್ನೆ: ತಂಗೀ, ನನಗೀಗ 66. ಅಂಕೋಲಾ ಕಡೆಯವಳು, ಮಗನ ಮನೆ ಮಡಗಾಂವ್. ಚಿಕ್ಕವಳಿದ್ದಾಗ ಅಪ್ಪನ ಪಾತಿ ದೋಣಿಯಲ್ಲಿ ಹುಟ್ಟು ಹಾಕಿದ ಕೈ ಇದು. ಮೊಮ್ಮಗ ಹೋಗುವಾಗ ಆಸೆ ಆಗುತ್ತದೆ. ಮೊಣಕಾಲು ನೋವಿದೆ. ಈ ವಯಸ್ಸಿನಲ್ಲಿ ಆದೀತೇ? — ಮಡಗಾಂವ್

ಉತ್ತರ: ಆಗುತ್ತದೆ ಅಕ್ಕಾ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಡಾಕ್ಟರನ್ನು ಒಂದು ಮಾತು ಕೇಳಿಕೊಳ್ಳಿ. ಇಬ್ಬರು ಕೂರುವ, ಮೇಲೆ ತೆರೆದಿರುವ ಅಗಲ ಕಯಾಕ್ ತೆಗೆದುಕೊಳ್ಳಿ, ಬೆನ್ನಿಗೆ ಒರಗು ಇರುವಂಥದ್ದು. ಮುಂದೆ ನೀವು, ಹಿಂದೆ ಮೊಮ್ಮಗ, ದಿಕ್ಕು ತಿರುಗಿಸುವುದು ಹಿಂದಿನವರ ಕೆಲಸ. ಮೊಣಕಾಲಿಗೆ ಕಷ್ಟ ಕೊಡುವುದು ಹುಟ್ಟು ಹಾಕುವುದಲ್ಲ, ಹತ್ತುವುದು ಮತ್ತು ಇಳಿಯುವುದು. ಅದಕ್ಕೆ ನೀರು ತುಂಬಿದ ಹೊತ್ತಿಗೇ ಹೋಗಬೇಕು, ಆಗ ಜೆಟ್ಟಿಯ ಅಂಚಿಗೂ ದೋಣಿಗೂ ಹೆಚ್ಚು ಅಂತರ ಇರುವುದಿಲ್ಲ. ಅಂಚಿನಲ್ಲಿ ಕೂತು, ಕಾಲು ದೋಣಿಯ ನಡುವಿಗೆ ಇಟ್ಟು, ಮೆಲ್ಲಗೆ ಸರಿದರೆ ಸಾಕು. ಸೀರೆ ಬೇಡ, ಚೂಡಿದಾರ ಇರಲಿ.

ಪತ್ರಿಕೆಯವರ ಮೂಲಕ ನನಗೆ ಒಂದು ಮಾತು ತಿಳಿಸಿ, ಭಾನುವಾರ ನಾನೂ ಜೆಟ್ಟಿಗೆ ಬರುತ್ತೇನೆ. ಆವತ್ತು ಭರತ ಎಷ್ಟು ಹೊತ್ತಿಗೆ ಅಂತ ಮಾತ್ರ ನೀವೇ ತಿಥಿ ನೋಡಿ ಹೇಳಿ.