ಗುರಿಕಟ್ಟೆ: ನಿಮ್ಮ ರೈಫಲ್‌ಗೆ ಯಾವ ಗುಂಡು ಒಗ್ಗುತ್ತದೆ?

ಪ್ರಶ್ನೆ: ಮಗಳು ಪಿಯುಸಿ ಓದುತ್ತಾ 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ, ಒಂದು ವರ್ಷ ಆಯಿತು. ಜೊತೆಯವರೆಲ್ಲ ದುಬಾರಿ ಪೆಲೆಟ್ (ಏರ್ ರೈಫಲ್ಲಿನ ಸಣ್ಣ ಗುಂಡು) ತರಿಸುತ್ತಾರೆ. ಡಬ್ಬಿ ಮೇಲೆ 4.49, 4.50, 4.51 ಅಂತ ಬೇರೆ ಇರುತ್ತದೆ. ಯಾವುದು ತರಲಿ?
– ಒಬ್ಬ ತಂದೆ, ಕಲಬುರಗಿ

ಉತ್ತರ: ನನ್ನನ್ನು ಕೇಳುವುದಕ್ಕಿಂತ ಅವಳ ರೈಫಲ್ಲನ್ನೇ ಕೇಳುವುದು ಒಳ್ಳೆಯದು. ಆ ಸಂಖ್ಯೆ ಪೆಲೆಟ್ಟಿನ ತಲೆಯ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಒಂದೇ ಕಂಪನಿಯ ಒಂದೇ ಮಾಡೆಲ್ಲಿನ ಎರಡು ರೈಫಲ್ ಪಕ್ಕಪಕ್ಕ ಇಡಿ, ಒಂದಕ್ಕೆ 4.49 ಒಗ್ಗಬಹುದು, ಇನ್ನೊಂದಕ್ಕೆ 4.51. ಬೆಲೆಗೂ ಇದಕ್ಕೂ ಸಂಬಂಧವಿಲ್ಲ.

ಆದರೆ ಒಂದು ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಟಾರ್ಗೆಟ್ಟಿನ ನಡುವೆ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್ ಇರುವುದು ಖರೆ, ಆದರೂ ಒಂದು ವರ್ಷದ ಹುಡುಗಿಯ ಕೈ ಅಲ್ಲಾಡುವಷ್ಟು ಯಾವ ಪೆಲೆಟ್ಟೂ ಅಲ್ಲಾಡುವುದಿಲ್ಲ. ಈಗ ಚಪ್ಪಟೆ ತಲೆಯ, ಸುಮಾರು 0.53 ಗ್ರಾಂ ತೂಕದ ಒಂದು ಸಾಧಾರಣ ಮ್ಯಾಚ್ ಪೆಲೆಟ್ ಜಾಸ್ತಿ ತಂದುಕೊಡಿ, ಹೊಡೆಯಲಿ. ಚಪ್ಪಟೆ ತಲೆ ಯಾಕೆ ಅಂದರೆ ಅದು ಕಾಗದದಲ್ಲಿ ದುಂಡಗೆ, ಅಂಚು ಹರಿಯದ ತೂತು ಮಾಡುತ್ತದೆ. ಅರವತ್ತು ಗುಂಡಿಗೆ (ಒಂದಕ್ಕೆ 10.9ರವರೆಗೆ ಅಂಕ ಕೊಡುವ ಲೆಕ್ಕದಲ್ಲಿ) 600 ದಾಟಲು ಶುರು ಮಾಡಿದ ಮೇಲೆ ನಾಲ್ಕೈದು ಸೈಜಿನದು ಸ್ವಲ್ಪ ಸ್ವಲ್ಪ ತರಿಸಿ ಟೆಸ್ಟ್ ಮಾಡಿ. ಅಲ್ಲಿಯವರೆಗೆ ತೊಗರಿ ಬೇಳೆಯಲ್ಲಿ ಕಲ್ಲು ಆರಿಸುವ ಹಾಗೆ ಹಿಂಬದಿಯ ಅಂಚು ನೆಗ್ಗಿದ ಪೆಲೆಟ್ ಆರಿಸಿ ಬಿಸಾಕಿದರೆ ಸಾಕು.

ಪ್ರಶ್ನೆ: .22 ರೈಫಲ್ಲಿನಲ್ಲಿ 50 ಮೀಟರ್ ಮಲಗಿ ಹೊಡೆಯುತ್ತೇನೆ. ಒಂದೇ ಕಂಪನಿಯ ಎರಡು ಲಾಟ್ (ಒಂದೇ ಸಲ ತಯಾರಾದ ಗುಂಡುಗಳ ಕಂತು) ಸಿಕ್ಕಿತ್ತು. ತಲಾ ಮೂರು ಗುಂಡು ಹೊಡೆದು ನೋಡಿದೆ. ಒಂದರ ಗ್ರೂಪ್ (ತೂತುಗಳ ಹರವು) 9 ಮಿ.ಮೀ., ಇನ್ನೊಂದರದು 14. ಮೊದಲನೆಯದೇ ಎರಡು ಸಾವಿರ ತೆಗೆದುಕೊಳ್ಳಲಾ?
– ನಿವೃತ್ತ ಸೈನಿಕ, ಬೀದರ್

ಉತ್ತರ: ತಡೀರಿ, ದುಡ್ಡು ಕೊಡಬೇಡಿ. ಮೂರು ಗುಂಡು ಹತ್ತಿರ ಬೀಳುವುದು ಅದೃಷ್ಟ. ನಾನೂ ಹೀಗೇ ಒಂದು ಸಲ ಮೂರು ತೂತು ಒಂದಕ್ಕೊಂದು ಅಂಟಿಕೊಂಡಿದ್ದನ್ನು ನೋಡಿ ಹಿಗ್ಗಿ ಇಡೀ ಪೆಟ್ಟಿಗೆ ಕೊಂಡಿದ್ದೆ, ಆಮೇಲೆ ಸ್ಪರ್ಧೆಯಲ್ಲಿ ಹತ್ತರ ಮಧ್ಯೆ ಮಧ್ಯೆ ಒಂಬತ್ತು ಬಂದು ಬಂದು ಸಾಕಾಯಿತು, ಇಡೀ ಸೀಸನ್ ಅದನ್ನೇ ಹೊಡೆದು ಮುಗಿಸಬೇಕಾಯಿತು. ಆ ಮೂರು ತೂತಿನ ಕಾಗದ ಇನ್ನೂ ನನ್ನ ಡೈರಿಯಲ್ಲಿದೆ!

ಲೆಕ್ಕ ಹೀಗಿದೆ. ಅದೇ ರೈಫಲ್, ಅದೇ ಗುಂಡು. ಐದು ಗುಂಡಿನ ಗ್ರೂಪ್ ಸರಾಸರಿ 20 ಮಿ.ಮೀ. ಬಂದರೆ, ಮೂರು ಗುಂಡಿನದು 16ರ ಆಸುಪಾಸು ಬರುತ್ತದೆ, ಹತ್ತು ಗುಂಡಿನದು 25 ಆಗುತ್ತದೆ. ಗುಂಡು ಕೆಟ್ಟಿದ್ದಲ್ಲ, ನೀವು ಜಾಸ್ತಿ ಹೊಡೆದಷ್ಟೂ ಅದರ ನಿಜವಾದ ಹರವು ಹೊರಗೆ ಬರುತ್ತದೆ ಅಷ್ಟೇ. ಹಾಗಾಗಿ ಮೂರರಲ್ಲಿ 9 ಮತ್ತು 14 ಬಂದಿದ್ದು ಎರಡೂ ಒಂದೇ ಗುಣದ ಲಾಟ್ ಆಗಿದ್ದರೂ ಬರುವಂಥದ್ದೇ.

ಲಾಟಿಗೆ ಕಡಿಮೆ ಅಂದರೂ ಹತ್ತು ಗುಂಡಿನ ನಾಲ್ಕು ಗ್ರೂಪ್ ಹೊಡೆಯಿರಿ. ರೈಫಲ್ ಗಟ್ಟಿ ಆಸರೆ ಮೇಲಿರಲಿ, ಇಲ್ಲದಿದ್ದರೆ ನಿಮ್ಮ ಭುಜವನ್ನು ಟೆಸ್ಟ್ ಮಾಡಿದ ಹಾಗಾಗುತ್ತದೆ. ಕಂಪನಿ ಬದಲಾಯಿಸಿದರೆ ಮೊದಲ ಹತ್ತು ಹದಿನೈದು ಗುಂಡು ಲೆಕ್ಕಕ್ಕಿಲ್ಲ, ಯಾಕೆಂದರೆ ಒಂದೊಂದು ಕಂಪನಿಯ ಗುಂಡಿಗೆ ಒಂದೊಂದು ಥರದ ಜಿಡ್ಡು ಸವರಿರುತ್ತಾರೆ, ನಳಿಗೆಯಲ್ಲಿ ಹಳೆಯದು ಹೋಗಿ ಹೊಸದು ಕೂರಬೇಕು. ಒಂದು ಲಾಟ್ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಬೆಳಿಗ್ಗೆ ಗಾಳಿ ಇಲ್ಲದಾಗ ಒಂದನ್ನು, ಹತ್ತು ಗಂಟೆಗೆ ಗಾಳಿ ಎದ್ದ ಮೇಲೆ ಇನ್ನೊಂದನ್ನು ಹೊಡೆದರೆ ಅದು ನ್ಯಾಯ ಅಲ್ವಾ? ಇದೊಂದು ಗ್ರೂಪ್, ಅದೊಂದು ಗ್ರೂಪ್, ಹೀಗೆ ಅದಲು ಬದಲು ಹೊಡೆಯಿರಿ. ಅಳೆಯುವಾಗ ಅತಿ ದೂರದ ಎರಡು ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 5.6 ಮಿ.ಮೀ. ಕಳೆಯಿರಿ. ಮತ್ತೆ, ದೂರ ಹಾರಿದ ಒಂದು ಗುಂಡನ್ನು ‘ಇದು ನನ್ನ ತಪ್ಪು’ ಅಂತ ಬಿಡಬೇಡಿ. ಎಲ್ಲರೂ ಬಿಡುತ್ತಾರೆ, ಮೋಸ ಹೋಗುವುದು ಅಲ್ಲೇ.

ಗ್ರೂಪ್ ಮೇಲೆ ಕೆಳಗೆ ಉದ್ದವಾಗಿ ಬರುತ್ತಿದ್ದರೆ ವೇಗದ ಮೇಲೆ ಅನುಮಾನ ಪಡಿ. ಈ ಗುಂಡುಗಳು ಸೆಕೆಂಡಿಗೆ ಸುಮಾರು 325 ಮೀಟರ್ ಹೋಗುತ್ತವೆ. ಅದರಲ್ಲಿ 10 ಮೀಟರ್ ಹೆಚ್ಚು ಕಡಿಮೆಯಾದರೆ 50 ಮೀಟರ್ ದೂರದಲ್ಲಿ ಗುಂಡು ಸುಮಾರು 7 ಮಿ.ಮೀ. ಮೇಲೆ ಕೆಳಗಾಗುತ್ತದೆ. ಹತ್ತರ ವೃತ್ತ ಇರುವುದೇ 10.4 ಮಿ.ಮೀ.

2024ರಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್‌ನಲ್ಲಿ 50 ಮೀಟರ್ ಮೂರು ಭಂಗಿಯಲ್ಲಿ ಕಂಚು ಗೆದ್ದಾಗ ಎಷ್ಟೋ ಜನ ನನ್ನನ್ನು ಕೇಳಿದ್ದು ‘ಅವರು ಯಾವ ಗುಂಡು ಹೊಡೀತಾರೆ?’ ಅಂತ. ಗೊತ್ತಾದರೂ ಏನು ಉಪಯೋಗ? ಅದು ಅವರ ನಳಿಗೆಗೆ ಒಗ್ಗಿದ್ದು. ಏಲಿ, ಲಾಪುವಾದಂಥ ಕಂಪನಿಗಳೇ ಶೂಟರ್ ತಂದ ರೈಫಲ್ಲನ್ನು ಬಿಗಿದು ಕೂರಿಸಿ, ಲಾಟ್ ಮೇಲೆ ಲಾಟ್ ಹೊಡೆದು ನೋಡಲು ಟೆಸ್ಟ್ ರೇಂಜ್ ಇಟ್ಟಿವೆ. ನಿಮಗೆ ಒಗ್ಗಿದ ಲಾಟ್ ಸಿಕ್ಕ ದಿನವೇ ಇಡೀ ಸೀಸನ್ನಿಗೆ ಕೊಂಡುಬಿಡಿ. ಮುಂದಿನ ಸಲ ಅದೇ ಡಬ್ಬಿ ಸಿಗಬಹುದು, ಅದೇ ಲಾಟ್ ಸಿಗುವುದಿಲ್ಲ.

ಪ್ರಶ್ನೆ: ಜನವರಿಯಲ್ಲಿ ಚೆನ್ನಾಗಿದ್ದ ಗುಂಡು ಮೇ ತಿಂಗಳಲ್ಲಿ ಚದುರುತ್ತಿದೆ. ಹಾಳಾಗಿದೆಯಾ?
– ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಡಬ್ಬಿ ಎಲ್ಲಿಟ್ಟಿದ್ದಿರಿ, ಕಾರಿನಲ್ಲಾ? ನಮ್ಮ ಕಡೆ ಬಿಸಿಲಿಗೆ ನಿಲ್ಲಿಸಿದ ಕಾರು ಅಂದರೆ ಒಲೆಯೇ. ಗುಂಡಿನ ಮೇಲಿನ ಜಿಡ್ಡು ಕರಗಿ ಒಂದು ಕಡೆ ಇಳಿಯುತ್ತದೆ, ಕಾದ ಮದ್ದು ಜಾಸ್ತಿ ವೇಗ ಕೊಡುತ್ತದೆ. ಡಬ್ಬಿಯನ್ನು ಊಟದ ಚೀಲದ ಜೊತೆ ನೆರಳಲ್ಲಿಡಿ. ಐಸ್ ಬೇಡ, ತೇವ ಆಗುತ್ತದೆ. ಟೆಸ್ಟ್ ಮಾಡಿದ ದಿನದ ಬಿಸಿಲು ಎಷ್ಟಿತ್ತು ಅಂತಲೂ ಬರೆದಿಡಿ.

ಪ್ರಶ್ನೆ: ದೂರಕ್ಕೆ ಹೊಡೆಯಲು ಭಾರದ ಗುಂಡೇ ಒಳ್ಳೆಯದು ಅಂತಾರೆ, ಖರೇನಾ?
– ಸೇಡಂ

ಉತ್ತರ: ಅರ್ಧ ಖರೆ. ಉದ್ದಕ್ಕೆ, ಮೂತಿ ಚೂಪಾಗಿ, ಹಿಂಬದಿ ದೋಣಿಯಂತೆ ಸಣ್ಣಗಾದ ಗುಂಡು ಗಾಳಿಯನ್ನು ಸುಲಭವಾಗಿ ಸೀಳುತ್ತದೆ, ವೇಗ ನಿಧಾನವಾಗಿ ಕಳೆದುಕೊಳ್ಳುತ್ತದೆ, ಅಡ್ಡಗಾಳಿಗೂ ಕಡಿಮೆ ಸರಿಯುತ್ತದೆ. ಅಂಥ ಗುಂಡು ಸಾಮಾನ್ಯವಾಗಿ ಭಾರ ಇರುತ್ತದೆ, ಅದಕ್ಕೇ ಆ ಮಾತು. ಇದನ್ನೇ ಡಬ್ಬಿ ಮೇಲೆ BC (ಬ್ಯಾಲಿಸ್ಟಿಕ್ ಕೋಎಫಿಶಿಯಂಟ್) ಅಂತ ಒಂದು ಸಂಖ್ಯೆಯಲ್ಲಿ ಹಾಕುತ್ತಾರೆ. ಜಿ1, ಜಿ7 ಅಂದರೆ ಹೋಲಿಕೆಗೆ ಇಟ್ಟುಕೊಂಡ ಎರಡು ಮಾದರಿ ಗುಂಡಿನ ಆಕಾರ; ಜಿ1 ಲೆಕ್ಕದ ಸಂಖ್ಯೆಯನ್ನು ಜಿ7 ಲೆಕ್ಕದ್ದಕ್ಕೆ ಹೋಲಿಸಬೇಡಿ, ಅದೇ ಗುಂಡಿಗೆ ಜಿ1ರದ್ದು ಜಿ7ರದ್ದರ ಹೆಚ್ಚು ಕಡಿಮೆ ಎರಡರಷ್ಟಿರುತ್ತದೆ.

ಉದ್ದದ ಗುಂಡನ್ನು ನೆಟ್ಟಗೆ ಕಳಿಸಲು ನಳಿಗೆಯೊಳಗಿನ ಸುರುಳಿ ಗೀರುಗಳ ತಿರುವು ಬಿಗಿಯಾಗಿರಬೇಕು. ಇಲ್ಲದಿದ್ದರೆ ಗುಂಡು ತೂರಾಡುತ್ತಾ ಹೋಗಿ ಟಾರ್ಗೆಟ್ಟಿನಲ್ಲಿ ಉದ್ದ ತೂತು ಮಾಡುತ್ತದೆ. ಅಂಥ ತೂತು ಕಂಡರೆ ಆ ಗುಂಡು ಬಿಟ್ಟುಬಿಡಿ. ಕಲಬುರಗಿ ಕೋಟೆಯ ಆ ಉದ್ದನೆಯ ತೋಪಿಗೆ ಈ ತಲೆನೋವು ಇರಲಿಲ್ಲ! 300 ಮೀಟರ್ ಟಾರ್ಗೆಟ್ಟಿನಲ್ಲಿ ಹತ್ತರ ವೃತ್ತ 100 ಮಿ.ಮೀ. ಒಂದು ಎಂಓಎ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಹರವಿನ ಗ್ರೂಪ್ ಅಲ್ಲಿ 87 ಮಿ.ಮೀ. ಆಗುತ್ತದೆ. ಗಾಳಿಗೆ ಉಳಿಯುವ ಜಾಗ ಎಷ್ಟು ಅಂತ ನೀವೇ ನೋಡಿ.

ಪ್ರಶ್ನೆ: ಹೊಡೆದ ಗುಂಡಿನ ಖಾಲಿ ಕೇಸಿಗೆ ಮನೆಯಲ್ಲೇ ಮದ್ದು ತುಂಬಬಹುದಾ?
– ಚಿಂಚೋಳಿ

ಉತ್ತರ: ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು. ಬಂದೂಕಿನ ಲೈಸೆನ್ಸ್ ಅದಕ್ಕೆ ನಡೆಯುವುದಿಲ್ಲ.

ಪ್ರಶ್ನೆ: ಹೊಡೆದ ಪೆಲೆಟ್ ಆರಿಸಿ ಮತ್ತೆ ಹೊಡೆಯಬಹುದಾ?
– ಹೈಸ್ಕೂಲ್ ವಿದ್ಯಾರ್ಥಿ, ಸುರಪುರ

ಉತ್ತರ: ಆಗಲ್ಲಪ್ಪ. ತಗಡಿಗೆ ಬಡಿದು ರೊಟ್ಟಿಯಂತೆ ಆಗಿರುತ್ತದೆ. ಅಂದ ಹಾಗೆ ಪೆಲೆಟ್ ಸೀಸದ್ದು. ರೊಟ್ಟಿ ಡಬ್ಬಿ ತೆಗೆಯುವ ಮುಂಚೆ ಸೋಪು ಹಚ್ಚಿ ಕೈ ತೊಳಿ.